ಪಶ್ಚಾತ್ತಾಪದ ದಾರಿ ತೋರಿಸಿದ ಪಾದ್ರಿ: ಸಂತ ಜೋಸೆಫ್ ವಾಜರ ಜೀವನ

ಮುಡಿಪು ಬೆಟ್ಟಕ್ಕೆ ಬರುವ ಭಕ್ತರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಮೂರು ಬುಗ್ಗೆಗಳನ್ನು. ತೋಡಾರು, ಮೂಡುಬಿದಿರೆ, ಸಿದ್ಧಕಟ್ಟೆ ಕಡೆಯವರು ಬಂಟ್ವಾಳ ದಾಟಿ ಮೆಲ್ಕಾರಿನಲ್ಲಿ ತಿರುಗಿ ಬರುತ್ತಾರೆ. ಮಂಗಳೂರಿನವರು ತೊಕ್ಕೊಟ್ಟು, ಕೊಣಾಜೆ ದಾರಿಯಾಗಿ ಬರುತ್ತಾರೆ. ಕೈಯಲ್ಲಿ ಖಾಲಿ ಬಾಟಲಿ ಇರುತ್ತದೆ. ನೀರು ತುಂಬಿಸಿಕೊಂಡು, ಮೇಣದ ಬತ್ತಿ ಹಚ್ಚಿ, ಮಕ್ಕಳ ತಲೆಗೆ ನಾಲ್ಕು ಹನಿ ಚಿಮುಕಿಸಿ ಹೊರಡುತ್ತಾರೆ. ಅದು ತಪ್ಪಲ್ಲ. ಆದರೆ ಈ ಬೆಟ್ಟದ ಸಂತರು ತಮ್ಮ ಬದುಕಿನ ಹೆಚ್ಚಿನ ಭಾಗವನ್ನು ಕಳೆದದ್ದು ಬೇರೆಯೇ ಒಂದು ಕೆಲಸದಲ್ಲಿ. ತಪ್ಪು ಮಾಡಿದವನ ಪಕ್ಕದಲ್ಲಿ ಕೂತು ಅವನ ಮಾತು ಕೇಳುವುದು, ಅವನನ್ನು ದೇವರ ಕಡೆಗೆ ತಿರುಗಿಸಿ ಮನೆಗೆ ಕಳಿಸುವುದು: ಇದೇ ಅವರ ದಿನನಿತ್ಯದ ದುಡಿಮೆ. ನಮ್ಮ ಕೊಂಕಣಿ ಮನೆಗಳಲ್ಲಿ ಅದಕ್ಕೆ ಕುಮ್ಸಾರ್ ಎನ್ನುತ್ತಾರೆ, ಕನ್ನಡದಲ್ಲಿ ಪಾಪನಿವೇದನೆ.

ಜೋಸೆಫ್ ವಾಜರು ಹುಟ್ಟಿದ್ದು ಗೋವಾದ ಸಾಲ್ಸೆಟ್ ಪ್ರಾಂತ್ಯದ ಬೆನಾವ್ಲಿಯಲ್ಲಿ, 1651ರ ಏಪ್ರಿಲ್ 21ರಂದು. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂದ. ತಾಯಿಯ ಊರು ಬೆನಾವ್ಲಿ, ತಂದೆಯ ಊರು ಸಾಂಕ್ವಾಳ್. ಮನೆಮಾತು ಕೊಂಕಣಿ. ಪೋರ್ಚುಗೀಸ್ ಸಾಂಕ್ವಾಳಿನಲ್ಲಿ, ಲ್ಯಾಟಿನ್ ಬೆನಾವ್ಲಿಯಲ್ಲಿ ಕಲಿತರು. ಮುಂದೆ ಹಳೆ ಗೋವಾದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಓದಿ, ದೈವಶಾಸ್ತ್ರವನ್ನು ದೊಮಿನಿಕನ್ ಗುರುಗಳ ಬಳಿ ಮುಗಿಸಿದರು. 1676ರಲ್ಲಿ ಗುರುಪಟ್ಟ ದೊರೆಯಿತು. ಪಟ್ಟವಾದ ಮೇಲೆ ಅವರು ಮೆಟ್ಟು ಬಿಟ್ಟರು. ಬಡವರ ಹಾಗೆ ಬರಿಗಾಲಲ್ಲಿ ನಡೆಯುವುದು ಅಂದು ಶುರುವಾದದ್ದು ಜೀವನ ಪೂರ್ತಿ ನಡೆಯಿತು.

ಗೋವಾದಲ್ಲಿ ಅವರು ಒಳ್ಳೆಯ ಪ್ರಸಂಗಕಾರರೆಂದು ಹೆಸರು ಪಡೆದರು. ಸಾಂಕ್ವಾಳಿನಲ್ಲಿ ಹುಡುಗರಿಗೆ ಲ್ಯಾಟಿನ್ ಶಾಲೆ ತೆರೆದರು. ಆದರೆ ಜನ ಅವರನ್ನು ಹುಡುಕಿಕೊಂಡು ಬಂದದ್ದು ಪ್ರಸಂಗಕ್ಕಿಂತ ಪಾಪನಿವೇದನೆಗೆ. 1677ರ ಆಗಸ್ಟ್ 5ರಂದು ಅವರು ಸಾಂಕ್ವಾಳಿನ ಇಗರ್ಜಿಯಲ್ಲಿ ಮಾತೆ ಮರಿಯಮ್ಮನವರಿಗೆ ತಮ್ಮನ್ನು ದಾಸನೆಂದು ಬರೆದುಕೊಟ್ಟರು. ಆ ಪತ್ರ ಇಂದಿಗೂ ಪ್ರಸಿದ್ಧ. ಆಗಿನ ಗೋವಾದಲ್ಲಿ ನಿಜವಾಗಿ ಮನುಷ್ಯರನ್ನು ಮಾರುವ, ಕೊಳ್ಳುವ ಪದ್ಧತಿಯಿತ್ತು ಎಂಬುದನ್ನು ನೆನೆದರೆ ಒಬ್ಬ ಕುಲೀನ ಮನೆತನದ ಯುವಗುರು ದಾಸನೆಂಬ ಹೆಸರನ್ನು ತಾನಾಗಿ ಹೊತ್ತುಕೊಂಡದ್ದರ ತೂಕ ಗೊತ್ತಾಗುತ್ತದೆ.

ಕೆನರಾದಲ್ಲಿ ಮೂರು ವರ್ಷ

1681ರಲ್ಲಿ ಗೋವಾದ ಪ್ರಧಾನ ಇಗರ್ಜಿಯ ಗುರುಮಂಡಳಿ ಅವರನ್ನು ಕೆನರಾಕ್ಕೆ ಕಳಿಸಿತು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಪೋರ್ಚುಗೀಸರಿಗೂ ಕೆಳದಿಗೂ ಹಿಂದೆ ಆದ ಕಾದಾಟಗಳಲ್ಲಿ ಕೋಟೆಗಳು ಕೈಬಿಟ್ಟು, ಇಗರ್ಜಿಗಳು ಹಾಳು ಬಿದ್ದು, ಗುರುಗಳು ಚದುರಿಹೋಗಿದ್ದರು. ಗೋವಾದಿಂದ ಬಂದು ನೆಲೆಸಿದ ಕ್ರೈಸ್ತರು ಗದ್ದೆ ಬೇಸಾಯ ಮಾಡಿಕೊಂಡು ಊರೂರಲ್ಲಿ ಹರಡಿಕೊಂಡಿದ್ದರು. ಮಕ್ಕಳಿಗೆ ಜ್ಞಾನಸ್ನಾನವಿಲ್ಲ, ಸಾಯುವವರಿಗೆ ಅಭ್ಯಂಗವಿಲ್ಲ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ಧರ್ಮಸಭೆ 1215ರಿಂದಲೇ ಕಟ್ಟಳೆ ಮಾಡಿದೆ. ಇಲ್ಲಿ ವರ್ಷಗಟ್ಟಲೆ ಅದು ಕಾಣದವರಿದ್ದರು.

ಇದು ಸಾಲದೆಂಬಂತೆ ಇನ್ನೊಂದು ತೊಡಕು. ರೋಮಿನ ಪವಿತ್ರ ಸಂಸ್ಥೆಯು ತೊಮಾಸ್ ದೆ ಕಾಸ್ತ್ರೊ ಎಂಬ ಗೋವಾ ಮೂಲದ ಧರ್ಮಾಧ್ಯಕ್ಷರನ್ನು ಇಲ್ಲಿಗೆ ನೇಮಿಸಿತ್ತು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದವರು ಇವರೇ. ಆದರೆ ಪೋರ್ಚುಗಲ್ ರಾಜನ ಹಕ್ಕನ್ನು ಹಿಡಿದುಕೊಂಡಿದ್ದ ಗೋವಾದವರು ಈ ನೇಮಕವನ್ನು ಒಪ್ಪಲಿಲ್ಲ. ಗೋವಾದ ಪಕ್ಷದ ಗುರುಗಳು ಒಂದು ಕಡೆ, ಕಾಸ್ತ್ರೊ ಪಕ್ಷದ ಗುರುಗಳು ಇನ್ನೊಂದು ಕಡೆ. ಒಬ್ಬರು ಕೊಟ್ಟ ಸಂಸ್ಕಾರ ಇನ್ನೊಬ್ಬರಿಗೆ ಸಿಂಧುವಲ್ಲ. ಬಹಿಷ್ಕಾರದ ಮಾತೂ ಬಂದಿತ್ತು.

ಮೇಲಿನವರ ಜಗಳ ಎಂದು ಇದನ್ನು ಬದಿಗಿಡುವ ಹಾಗಿಲ್ಲ, ಯಾಕೆಂದರೆ ಇದರ ಪೆಟ್ಟು ಬಿದ್ದದ್ದು ಕೆಳಗಿನವನ ಮನಸ್ಸಾಕ್ಷಿಯ ಮೇಲೆ. ಒಬ್ಬ ರೈತ ಕಷ್ಟಪಟ್ಟು ಧೈರ್ಯ ಮಾಡಿ, ನೆರೆಯವನ ಗದ್ದೆಯ ಬದು ಒತ್ತಿದ್ದನ್ನೋ ತಮ್ಮನಿಗೆ ಮೋಸ ಮಾಡಿದ್ದನ್ನೋ ಗುರುಗಳ ಮುಂದೆ ಹೇಳಿಕೊಂಡು ಬಂದ ಎಂದಿಟ್ಟುಕೊಳ್ಳಿ. ಮಾರನೇ ದಿನ ಇನ್ನೊಬ್ಬರು ಬಂದು ಆ ಗುರುಗಳಿಗೆ ಅಧಿಕಾರವೇ ಇರಲಿಲ್ಲ, ನಿನ್ನ ಪಾಪ ಹಾಗೆಯೇ ಇದೆ ಎಂದರೆ ಅವನು ಎಲ್ಲಿಗೆ ಹೋಗಬೇಕು? ಭಯಸ್ಥರು ರಾತ್ರಿ ನಿದ್ದೆ ಇಲ್ಲದೆ ಒದ್ದಾಡುತ್ತಾರೆ. ಉಳಿದವರಿಗೆ ಇದೇ ಒಳ್ಳೆಯ ನೆಪವಾಗುತ್ತದೆ: ಗುರುಗಳಲ್ಲೇ ಒಮ್ಮತವಿಲ್ಲದ ಮೇಲೆ ನಮಗೇಕೆ ಅವಸರ ಎಂದು ತಪ್ಪಿನಲ್ಲೇ ಮುಂದುವರಿಯುತ್ತಾರೆ.

ವಾಜರು ಬಂದದ್ದು ಗೋವಾದ ಪ್ರತಿನಿಧಿಯಾಗಿ. ಕಾಸ್ತ್ರೊ ಅವರನ್ನು ಎದುರಿಸಿ ಗೋವಾದ ಹಕ್ಕನ್ನು ಎತ್ತಿಹಿಡಿಯಲಿ ಎಂಬುದು ಕಳಿಸಿದವರ ನಿರೀಕ್ಷೆ. 30 ವರ್ಷದ ಈ ಗುರುಗಳು ಮಾಡಿದ್ದೇ ಬೇರೆ. ಅವರು ನೇರ ಕಾಸ್ತ್ರೊ ಅವರ ಬಳಿ ಹೋಗಿ ಮರ್ಯಾದೆಯಿಂದ ಮಾತಾಡಿದರು. ರೋಮಿನಿಂದ ಬಂದ ಆಜ್ಞಾಪತ್ರವನ್ನು ಓದಿ ನೋಡಿದರು, ಅದು ನಿಜವೆಂದು ಮನಗಂಡರು. ಮನಗಂಡದ್ದನ್ನು ಮುಚ್ಚಿಡದೆ ಗೋವಾಕ್ಕೆ ಬರೆದು, ಜಗಳವನ್ನು ಬೆಳೆಸುವುದು ಬೇಡ, ಆತ್ಮಗಳು ಕೆಡುತ್ತಿವೆ ಎಂದು ಬೇಡಿಕೊಂಡರು. ಕಾಸ್ತ್ರೊ ಅವರೂ ಮೆತ್ತಗಾಗಿ, ರೋಮಿನ ಕೊನೆಯ ತೀರ್ಮಾನ ಬರುವ ತನಕ ವಾಜರು ಸಂಸ್ಕಾರಗಳನ್ನು ಕೊಡಬಹುದೆಂದು ತಮ್ಮ ಕಡೆಯಿಂದಲೂ ಅನುಮತಿ ಕೊಟ್ಟರು. ಎರಡೂ ಕಡೆಯ ಅಧಿಕಾರ ಕೈಯಲ್ಲಿದ್ದ ಮೇಲೆ ವಾಜರ ಮುಂದೆ ಮೊಣಕಾಲೂರಿದವನಿಗೆ ಯಾವ ಸಂಶಯವೂ ಉಳಿಯಲಿಲ್ಲ. ಅವರ ಕೆನರಾ ಸೇವೆಯಲ್ಲಿ ಇದಕ್ಕಿಂತ ದೊಡ್ಡ ಅದ್ಭುತ ಬೇರೆ ಹುಡುಕಬೇಕಾಗಿಲ್ಲ.

ಆಮೇಲೆ ನಡಿಗೆ. ಮಂಗಳೂರು, ಕಲ್ಯಾಣಪುರ, ಬಾರ್ಕೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ. ಹೊಳೆ ಬಂದಲ್ಲಿ ದೋಣಿ, ಉಳಿದದ್ದೆಲ್ಲ ಕಾಲ್ನಡಿಗೆ. ಬಿದ್ದ ಇಗರ್ಜಿಗಳನ್ನು ಎಬ್ಬಿಸಿದರು, ಮಕ್ಕಳಿಗೆ ಶಾಲೆ ಮಾಡಿದರು, ಗುರುಗಳು ಇಲ್ಲದ ಭಾನುವಾರಗಳಲ್ಲಿ ಜನ ತಾವೇ ಸೇರಿ ತೇರ್ಸ ಹೇಳುವ ಹಾಗೆ ಸಂಘಗಳನ್ನು ಕಟ್ಟಿದರು. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯಲ್ಲಿ ಅವರು ಶಿಲುಬೆಯ ಮುಂದೆ ಪ್ರಾರ್ಥಿಸುವಾಗ ನೆಲದಿಂದ ಮೇಲಕ್ಕೆದ್ದು ನಿಂತದ್ದನ್ನು ಕಂಡರೆಂದು ಅಲ್ಲಿನ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ.

ಮುಡಿಪಿನ ರಾತ್ರಿ

ಈ ಬೆಟ್ಟದ ಕಥೆಯೂ ಅದೇ ಕಾಲದ್ದು. ಯಾವ ದಫ್ತರದಲ್ಲೂ ಬರೆದಿಟ್ಟದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು. ವಾಜರ ಮೇಲೆ ಹಗೆ ಸಾಧಿಸುತ್ತಿದ್ದ ಕೆಲವರು ಒಂದು ರಾತ್ರಿ ಬಂದು, ಬೆಟ್ಟದ ಆಚೆ ಒಬ್ಬ ರೋಗಿ ಸಾಯುವ ಸ್ಥಿತಿಯಲ್ಲಿದ್ದಾನೆ, ಅಭ್ಯಂಗ ಕೊಡಲು ಬರಬೇಕು ಎಂದು ಕರೆದರು. ರೋಗಿ ಇರಲಿಲ್ಲ. ಕಾಡಿನ ನಡುವೆ ಅವರನ್ನು ಕೊಲ್ಲುವುದೇ ಉದ್ದೇಶ. ವಾಜರು ಎದ್ದು ಊರುಗೋಲು ಹಿಡಿದು ಹೊರಟರು. ಸಾಯುವವನೊಬ್ಬ ಕಾಯುತ್ತಿದ್ದಾನೆ ಎಂದ ಮೇಲೆ ಅವರು ಇನ್ನೇನನ್ನೂ ಕೇಳುವವರಲ್ಲ. ಬೆಟ್ಟದ ಮೇಲೆ ಬಂದಾಗ ಜೊತೆಯವರ ಬಣ್ಣ ಬಯಲಾಯಿತು. ವಾಜರು ಓಡಲಿಲ್ಲ, ಕೈ ಎತ್ತಲಿಲ್ಲ. ಮೊಣಕಾಲೂರಿ ಪ್ರಾರ್ಥಿಸಿ ಊರುಗೋಲಿನಿಂದ ನೆಲವನ್ನು ತಟ್ಟಿದರು. ಸುತ್ತ ಬೆಳಕು ತುಂಬಿತು, ಮುರಕಲ್ಲಿನಲ್ಲಿ ಮೂರು ಕಡೆ ನೀರು ಚಿಮ್ಮಿತು, ಕೊಲ್ಲಲು ಬಂದವರು ನಡುಗಿಹೋದರು ಎನ್ನುತ್ತದೆ ಕಥೆ.

ಈ ಕಥೆಯನ್ನು ಹೇಳುವವರು ನೀರಿನ ಹತ್ತಿರವೇ ನಿಲ್ಲುತ್ತಾರೆ. ಆದರೆ ಕಥೆಯೊಳಗೆ ಇನ್ನೊಂದು ವಿಷಯವಿದೆ. ಬಂದವರ ಹೆಸರನ್ನು ಕಥೆ ಹೇಳುವುದಿಲ್ಲ. ಯಾವ ಮನೆತನ, ಯಾವ ಜಾತಿ, ಯಾವ ಊರು ಎಂದೂ ಹೇಳುವುದಿಲ್ಲ. ಮೂರು ಶತಮಾನ ದಾಟಿದ ಒಂದು ಕೊಲೆಸಂಚಿನ ಕಥೆಯಲ್ಲಿ ಕೊಲೆಗಡುಕರ ಹೆಸರಿಲ್ಲದಿರುವುದು ಆಶ್ಚರ್ಯವೇ ಸರಿ. ಅಂಥವರ ಹೆಸರನ್ನು ಊರು ಸುಲಭವಾಗಿ ಮರೆಯುವುದಿಲ್ಲ, ಅವರ ಮೊಮ್ಮಕ್ಕಳನ್ನೂ ಬಿಡುವುದಿಲ್ಲ. ಪಾಪನಿವೇದನೆಯಲ್ಲಿ ಕೇಳಿದ ಮಾತನ್ನು ಪ್ರಾಣ ಹೋದರೂ ಹೊರಗೆ ಬಿಡದಿರುವುದು ಗುರುಗಳ ಕರ್ತವ್ಯ. ಆ ಮೌನದ ನೆರಳು ಈ ಕಥೆಯ ಮೇಲೂ ಬಿದ್ದ ಹಾಗಿದೆ.

ಹಾಗಾದರೆ ಪಶ್ಚಾತ್ತಾಪ ಎಂದರೆ ಏನು? ಸಿಕ್ಕಿಬಿದ್ದಾಗ ಅಳುವುದಲ್ಲ. ಸಿಕ್ಕಿಬಿದ್ದ ಕಳ್ಳನೂ ಅಳುತ್ತಾನೆ. ಧರ್ಮಸಭೆ ಕಲಿಸುವ ಕ್ರಮ ಎಲ್ಲ ಕೆಥೊಲಿಕ್ ಮನೆಯ ಮಕ್ಕಳಿಗೂ ಗೊತ್ತು: ಮನಸ್ಸಾಕ್ಷಿಯನ್ನು ಪರೀಕ್ಷಿಸುವುದು, ಮಾಡಿದ್ದಕ್ಕೆ ನಿಜವಾಗಿ ನೊಂದುಕೊಳ್ಳುವುದು, ಮತ್ತೆ ಮಾಡುವುದಿಲ್ಲವೆಂದು ನಿಶ್ಚಯಿಸುವುದು, ಗುರುಗಳಿಗೆ ಬಾಯಿಬಿಟ್ಟು ಹೇಳುವುದು, ಕೊಟ್ಟ ಪ್ರಾಯಶ್ಚಿತ್ತವನ್ನು ತೀರಿಸುವುದು. ಕದ್ದದ್ದಿದ್ದರೆ ಹಿಂದೆ ಕೊಡಬೇಕು. ಹೆಸರು ಕೆಡಿಸಿದ್ದರೆ ಸರಿಪಡಿಸಬೇಕು. ಸುಂಕದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ಹಿಂದೆ ಕೊಡಲು ಒಪ್ಪಿದ್ದು ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿದೆ. ಅಲ್ಲಿ ಗಮನಿಸಬೇಕಾದದ್ದು ಯೇಸು ಸ್ವಾಮಿ ಮೊದಲು ಮಾಡಿದ್ದೇನು ಎಂಬುದನ್ನು. ಬೈಯಲಿಲ್ಲ, ಲೆಕ್ಕ ಕೇಳಲಿಲ್ಲ, ಅವನ ಮನೆಗೆ ಊಟಕ್ಕೆ ಹೋದರು. ನಾಲ್ಕು ಪಟ್ಟಿನ ಮಾತು ಆಮೇಲೆ ಅವನ ಬಾಯಿಂದ ತಾನಾಗಿ ಬಂತು. ವಾಜರ ರೀತಿಯೂ ಇದೇ. ಅವರು ಕರೆದು ಕೂರಿಸಿಕೊಂಡವರಲ್ಲ, ಹುಡುಕಿಕೊಂಡು ಹೋದವರು.

1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಅದಾಗಿ ಸರಿಯಾಗಿ ನೂರು ವರ್ಷಕ್ಕೆ, 1784ರಲ್ಲಿ, ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದನು. ಪಶ್ಚಾತ್ತಾಪಕ್ಕೆಂದೇ ಇರುವ ವಿಭೂತಿ ಬುಧವಾರದಂದು ಹಿಡಿದರೆಂದು ನಮ್ಮ ಹಿರಿಯರ ನೆನಪು. 1799ರಲ್ಲಿ ಬಿಡುಗಡೆಯಾಗಿ ಬಂದವರು ಮತ್ತೆ ಇಗರ್ಜಿ ಕಟ್ಟಿದರು. ಗುರುಗಳಿಲ್ಲದಾಗಲೂ ಕೂಡಿ ಪ್ರಾರ್ಥಿಸುವ ಅಭ್ಯಾಸ ಆ ಸೆರೆಯಲ್ಲಿ ಎಷ್ಟು ಉಪಯೋಗಕ್ಕೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಕೂಲಿಯವನ ವೇಷದಲ್ಲಿ

ಗೋವಾದಲ್ಲಿ ವಾಜರು 1685ರಲ್ಲಿ ಕೆಲವು ಗೋವಾ ಗುರುಗಳು ಒಟ್ಟಾಗಿ ಬಾಳುತ್ತಿದ್ದ ಗುಂಪನ್ನು ಸೇರಿದರು. ಅದು ಮುಂದೆ ಸಂತ ಫಿಲಿಪ್ ನೇರಿಯ ಒರೆಟೋರಿಯನ್ ಸಭೆಯಾಯಿತು. ಅವರನ್ನೇ ಹಿರಿಯರನ್ನಾಗಿ ಮಾಡಿದರು. ಆದರೆ ಅವರ ಮನಸ್ಸು ಸಿಂಹಳದಲ್ಲಿತ್ತು. 1658ರ ಹೊತ್ತಿಗೆ ಡಚ್ಚರು ಅಲ್ಲಿಂದ ಪೋರ್ಚುಗೀಸರನ್ನು ಪೂರಾ ಹೊರಹಾಕಿ, ಕೆಥೊಲಿಕ್ ಗುರುಗಳನ್ನು ನಿಷೇಧಿಸಿದ್ದರು. ಪಾದ್ರಿಗೆ ಮನೆಯಲ್ಲಿ ಜಾಗ ಕೊಟ್ಟವನಿಗೆ ಮರಣದಂಡನೆ. ಸುಮಾರು 30 ವರ್ಷ ಅಲ್ಲಿನ ಕೆಥೊಲಿಕರಿಗೆ ಗುರುಗಳೇ ಇರಲಿಲ್ಲ.

1686ರಲ್ಲಿ ವಾಜರು ಜಾನ್ ಎಂಬ ಮನೆಯಾಳನ್ನು ಜೊತೆಗೆ ಕರೆದುಕೊಂಡು ಗೋವಾ ಬಿಟ್ಟರು. ನಿಲುವಂಗಿ ತೆಗೆದಿಟ್ಟು ಕೂಲಿಯವನ ಹಾಗೆ ಬಟ್ಟೆ ಉಟ್ಟು, 1687ರಲ್ಲಿ ತೂತ್ತುಕುಡಿಯಿಂದ ಹಡಗು ಹತ್ತಿದರು. ದಾರಿಯಲ್ಲೇ ರಕ್ತಭೇದಿ ಹಿಡಿಯಿತು. ಜಾಫ್ನಾದಲ್ಲಿ ಇಳಿದಾಗ ನಿಲ್ಲಲೂ ತ್ರಾಣವಿರಲಿಲ್ಲ. ರೋಗ ಹರಡೀತೆಂದು ಜನ ಹತ್ತಿರ ಸೇರಿಸಲಿಲ್ಲ. ಒಬ್ಬ ಹೆಂಗಸು ತಂದುಕೊಟ್ಟ ಗಂಜಿಯಿಂದ ಇಬ್ಬರೂ ಬದುಕಿಕೊಂಡರು.

ಚೇತರಿಸಿಕೊಂಡ ಮೇಲೆ ಸಮಸ್ಯೆ: ಕೆಥೊಲಿಕರು ಯಾರೆಂದು ಕಂಡುಹಿಡಿಯುವುದು ಹೇಗೆ? ಕೇಳಿದರೆ ಯಾರೂ ಹೇಳರು. ವಾಜರು ಜಪಸರವನ್ನು ಕೊರಳಿಗೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ಅನ್ನ ಹಾಕುವವರ ಕೈ ನೋಡಲಿಲ್ಲ, ಕಣ್ಣು ನೋಡಿದರು. ಜಪಸರದ ಮೇಲೆ ಯಾರ ದೃಷ್ಟಿ ನಿಂತಿತೋ ಆ ಮನೆಯನ್ನು ಗುರುತಿಟ್ಟುಕೊಂಡರು. ಹೀಗೆ ಒಂದು ಮನೆಯ ನಂಬಿಕೆ ಗಳಿಸಿ, ಅವರ ಮೂಲಕ ಇನ್ನೊಂದು ಮನೆ.

ಆ ಮನೆಗಳಲ್ಲಿ ಅವರು ಕಂಡದ್ದು ವೀರರನ್ನಲ್ಲ, ಹೆದರಿದವರನ್ನು. ಕೆಲಸ, ಭೂಮಿ ಉಳಿಸಿಕೊಳ್ಳಲು ಡಚ್ಚರ ದೇವಾಲಯಕ್ಕೆ ಹೋಗಿಬಂದು, ಮಕ್ಕಳನ್ನು ಅಲ್ಲೇ ಬರೆಸಿ, ಒಳಗೊಳಗೆ ನಾಚಿಕೆಪಟ್ಟು ಬದುಕುತ್ತಿದ್ದವರು ತುಂಬ ಜನ. ಇಂಥವರಿಗೆ ಏನು ಹೇಳಬೇಕು? ಹೆದರಿಸುವುದು ಸುಲಭವಿತ್ತು, ಆದರೆ ಹೆದರಿಕೆಯಿಂದಲೇ ಬಿದ್ದವರನ್ನು ಹೆದರಿಸಿ ಎಬ್ಬಿಸುವುದು ಆಗುವ ಮಾತಲ್ಲ. ಏನಾಗಿಲ್ಲ ಬಿಡಿ ಎನ್ನುವುದು ಇನ್ನೂ ಸುಲಭ, ಅದು ಸುಳ್ಳು. ವಾಜರು ಅವರ ಜೊತೆ ಅದೇ ಅಪಾಯದೊಳಗೆ ಕೂತರು. ತನ್ನನ್ನು ಹಿಡಿದರೆ ಏನಾಗುತ್ತದೆಂದು ಗೊತ್ತಿದ್ದ ಮನುಷ್ಯ ಮುಂದೆ ಕೂತು ಕೇಳುವಾಗ, ತಪ್ಪು ಒಪ್ಪಿಕೊಳ್ಳುವವನಿಗೂ ಧೈರ್ಯ ಬರುತ್ತದೆ. ಕತ್ತಲಾದ ಮೇಲೆ ಪಾಪನಿವೇದನೆ, ನಡುರಾತ್ರಿ ದಾಟಿ ಬಲಿಪೂಜೆ, ಬೆಳಗಾಗುವ ಮೊದಲು ಇನ್ನೊಂದು ಊರು. ಸಿಲ್ಲಾಲೆ ಎಂಬ ಹಳ್ಳಿಯನ್ನು ನೆಲೆ ಮಾಡಿಕೊಂಡು ಹೀಗೆ ತಿರುಗಿದರು.

ಇದಕ್ಕೆ ಬೆಲೆ ತೆರಬೇಕಾಯಿತು. 1689ರ ಕ್ರಿಸ್ಮಸ್ ರಾತ್ರಿ ಡಚ್ಚರು ದಾಳಿ ಮಾಡಿ, ಪೂಜೆಗೆ ಸೇರಿದ್ದವರನ್ನು ಹಿಡಿದರು. ವಾಜರು ಸಿಗಲಿಲ್ಲ. ಹಿಡಿದವರಲ್ಲಿ ಡಚ್ಚರ ಪಂಥವನ್ನು ಬಿಟ್ಟು ಕೆಥೊಲಿಕ್ ಧರ್ಮಕ್ಕೆ ಬಂದಿದ್ದ ದೊನ್ ಪೆದ್ರೊ ಎಂಬವನಿದ್ದ. ಅವನು ಚಾಟಿಯೇಟು ತಿಂದು ಸತ್ತ. ತಿರುಗಿ ಬಂದದ್ದಕ್ಕೆ ಅವನು ಪ್ರಾಣವನ್ನೇ ಕೊಟ್ಟ.

ಕ್ಯಾಂಡಿಯ ವರ್ಷಗಳು

ಡಚ್ಚರ ಕೈಗೆ ಸಿಗದ ಜಾಗ ಒಂದೇ, ಬೆಟ್ಟಗಳ ನಡುವಿನ ಕ್ಯಾಂಡಿ ರಾಜ್ಯ. 1692ರಲ್ಲಿ ವಾಜರು ಅಲ್ಲಿಗೆ ಹೋದರು. ಆಸ್ಥಾನದಲ್ಲಿದ್ದ ಲಾನೆರೋಲ್ ಎಂಬ ಫ್ರೆಂಚ್ ಪ್ರೊಟೆಸ್ಟೆಂಟನು, ಇವನು ಪೋರ್ಚುಗೀಸರ ಗೂಢಚಾರ ಎಂದು ರಾಜ ಎರಡನೇ ವಿಮಲಧರ್ಮಸೂರ್ಯನಿಗೆ ಚಾಡಿ ಹೇಳಿದ. ವಾಜರನ್ನು ಸೆರೆಗೆ ಹಾಕಿದರು. ಅವರು ಸೆರೆಯಲ್ಲಿ ಸಿಂಹಳ ಭಾಷೆ ಕಲಿತರು. ಕಾವಲು ಸಡಿಲವಾದ ಮೇಲೆ ಒಂದು ಗುಡಿಸಲನ್ನೇ ಇಗರ್ಜಿ ಮಾಡಿಕೊಂಡರು, ಗುಟ್ಟಾಗಿ ಒಬ್ಬೊಬ್ಬರೇ ಕ್ರೈಸ್ತರು ಬರತೊಡಗಿದರು. ಒಮ್ಮೆ ಬರ ಬಂದು ರಾಜ ಕೇಳಿಕೊಂಡಾಗ ವಾಜರು ಬಯಲಿನಲ್ಲಿ ಶಿಲುಬೆ ನೆಟ್ಟು ಪ್ರಾರ್ಥಿಸಿದರೆಂದೂ ಮಳೆ ಸುರಿದರೂ ಅವರು ನಿಂತ ಜಾಗ ಒದ್ದೆಯಾಗಲಿಲ್ಲವೆಂದೂ ಸಿಂಹಳದಲ್ಲಿ ಹೇಳುತ್ತಾರೆ. ಆಮೇಲೆ ಅವರಿಗೆ ತಿರುಗಾಡುವ ಸ್ವಾತಂತ್ರ್ಯ ಸಿಕ್ಕಿತು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಎದ್ದಿತು. ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ವಾಜರು ಮತ್ತು ಗೋವಾದಿಂದ ಬಂದಿದ್ದ ಜೋಸೆಫ್ ಕಾರ್ವಾಲ್ಹೊ ಗುರುಗಳು ಗುಡಿಸಲು ಹಾಕಿ, ರೋಗಿಗಳನ್ನು ಹೊತ್ತು ತಂದು, ಕೀವು ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತ, ಬೌದ್ಧ ಎಂಬ ಭೇದವಿರಲಿಲ್ಲ. ಇದಾದ ಮೇಲೆ ರಾಜನಿಗೂ ಅವರ ಮೇಲಿನ ಗೌರವ ಹೆಚ್ಚಿತು.

ಮುಂದೆ ಗೋವಾದಿಂದ ಇನ್ನಷ್ಟು ಒರೆಟೋರಿಯನ್ ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವೆಸರು ಸಿಂಹಳ, ತಮಿಳು ಭಾಷೆಗಳಲ್ಲಿ ಧರ್ಮಗ್ರಂಥಗಳನ್ನು ಬರೆದು ವಾಜರ ಕೆಲಸಕ್ಕೆ ಬೇರು ಕೊಟ್ಟರು. ಅದೇ ಸಮಯದಲ್ಲಿ ಪೋಪರ ಪ್ರತಿನಿಧಿ ವಾಜರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಲು ಇಚ್ಛಿಸಿದರು. ವಾಜರು ಒಪ್ಪಲಿಲ್ಲ. ಕೆನರಾದಲ್ಲಿ ಅಧಿಕಾರದ ಜಗಳ ಎಷ್ಟು ಮನಸ್ಸುಗಳನ್ನು ಕೆಡಿಸಿತೆಂದು ಕಂಡವರಿಗೆ ಆ ಕಿರೀಟದ ಮೇಲೆ ಆಸೆ ಬರಲು ಕಾರಣವೂ ಇರಲಿಲ್ಲ.

ನಡೆದು ನಡೆದು ದೇಹ ಸೋತಿತ್ತು. ಕೊನೆಯ ದಿನಗಳಲ್ಲಿ ಜೊತೆಯ ಗುರುಗಳು ಹಾಸಿಗೆಯ ಸುತ್ತ ಸೇರಿ ಒಂದು ಬುದ್ಧಿಮಾತು ಬೇಡಿದರು. ಅವರು ಹೇಳಿದ್ದರ ಸಾರ ಇಷ್ಟೇ: ಬದುಕಿರುವಾಗ ಮಾಡದೆ ಬಿಟ್ಟದ್ದನ್ನು ಸಾಯುವ ಗಳಿಗೆಯಲ್ಲಿ ಮಾಡುವುದು ಅಷ್ಟು ಸುಲಭವಲ್ಲ. ಸಾವಿರಾರು ಸಾಯುವವರ ಪಕ್ಕ ಕೂತು ಪಾಪನಿವೇದನೆ ಕೇಳಿದ ಮನುಷ್ಯನ ಅನುಭವದ ಮಾತಿದು. ಕೊನೆಗಾಲಕ್ಕೆ ಗುರುಗಳನ್ನು ಕರೆಸಿದರಾಯಿತು ಎಂದು ಲೆಕ್ಕ ಹಾಕುವವರು ಅಂದೂ ಇದ್ದರು, ಇಂದೂ ಇದ್ದಾರೆ.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ತೀರಿಕೊಂಡರು. 60 ವರ್ಷ ತುಂಬಲು ಇನ್ನೂ ಮೂರು ತಿಂಗಳಿತ್ತು. ಅಲ್ಲಿಯೇ ಮಣ್ಣು ಮಾಡಿದರು. ಮುಂದೆ ಬಂದ ಹಿಂಸೆಯಲ್ಲಿ ಇಗರ್ಜಿ ಹಾಳಾಗಿ, ಅವರ ಸಮಾಧಿಯ ಜಾಗ ಇಂದು ಗುರುತು ಸಿಗುವುದಿಲ್ಲ. 1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾಲ್ ಅವರು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. 2015ರ ಜನವರಿ 14ರಂದು ಅದೇ ಊರಿನ ಗಾಲ್ ಫೇಸ್ ಬಯಲಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಸಂತ ಪದವಿ ಕೊಟ್ಟರು.

ಗೋರಿ ಇಲ್ಲದ ಈ ಸಂತರನ್ನು ನೆನೆಯಲು ಕೆನರಾದವರು ಬರುವುದು ಮುಡಿಪಿಗೆ. ಜನವರಿ 16 ಅವರ ಹಬ್ಬದ ದಿನ. ಬುಗ್ಗೆಯ ನೀರು ತುಂಬಿಸಿಕೊಳ್ಳುವವರು ಪಾಪನಿವೇದನೆ ಮುಗಿಸಿಕೊಂಡು ಇಳಿದರೆ ದಾರಿ ಸುಗಮ. ಮೆಟ್ಟಿಲಲ್ಲಿ ವಯಸ್ಸಾದವರಿಗೆ ಮೊದಲು ಜಾಗ ಬಿಡಬೇಕು.